ಪೆಟ್ಟಿಗೆಯ ಮೇಲೆ ಯಾರ ಹೆಸರು? ಸೇನಾ ಸರ್ಕಾರಗಳಿಗೆ ವಿದೇಶಿ ನೆರವು ಮತ್ತು ಮ್ಯಾನ್ಮಾರ್‌ನ ಅನುಭವ

ಮಾನ್ಯರೇ,

ಜನರು ಆರಿಸದ, ಬಂದೂಕಿನ ಬಲದಿಂದ ಗದ್ದುಗೆ ಹಿಡಿದ ಸರ್ಕಾರಕ್ಕೆ ಬೇರೆ ದೇಶಗಳು ನೆರವು ಕೊಡಬಹುದೇ ಎಂಬುದು ಇಂದು ನಮ್ಮ ಮುಂದಿರುವ ಪ್ರಶ್ನೆ. ಪಾಕಿಸ್ತಾನ, ಈಜಿಪ್ಟ್, ನೈಜರ್ ಎಂದು ಹಲವು ದೇಶಗಳನ್ನು ಸುತ್ತಿಬಂದು ಇದಕ್ಕೆ ಉತ್ತರ ಹೇಳುವುದು ಸಾಧ್ಯ. ಆದರೆ ಹಾಗೆ ಮಾಡಿದರೆ ಎಲ್ಲವನ್ನೂ ಮೇಲುಮೇಲೆ ಮುಟ್ಟಿದಂತಾಗುತ್ತದೆ. ಆದ್ದರಿಂದ ನಾನು ನಮ್ಮ ನೆರೆಯ ಮ್ಯಾನ್ಮಾರ್ ಒಂದನ್ನೇ ಮುಖ್ಯವಾಗಿ ಹಿಡಿದು ಮಾತನಾಡುತ್ತೇನೆ. 1962ರ ಮಾರ್ಚ್ 2ರಂದು ಜನರಲ್ ನೆ ವಿನ್ ಅಧಿಕಾರ ಕಸಿದುಕೊಂಡಂದಿನಿಂದ ಆ ದೇಶವನ್ನು ಹೆಚ್ಚು ಕಾಲ ಆಳಿರುವುದು ಸೇನೆಯೇ. ಆ ಸೇನೆಗೆ ನೆರವು ಕೊಟ್ಟು ನೋಡಿದವರಿದ್ದಾರೆ, ನಿಲ್ಲಿಸಿ ನೋಡಿದವರಿದ್ದಾರೆ, ಸರ್ಕಾರದ ಮೂಲಕ ಹೋಗದೆ ಬೇರೆ ದಾರಿಯಿಂದ ಜನರನ್ನು ತಲುಪಿದವರೂ ಇದ್ದಾರೆ. ಇನ್ನೊಂದು ಕಾರಣವೂ ಇದೆ. ಮ್ಯಾನ್ಮಾರ್ ಜೊತೆ ಭಾರತಕ್ಕೆ 1,643 ಕಿಲೋಮೀಟರ್ ಉದ್ದದ ಗಡಿ ಇದೆ. ಅಲ್ಲಿನ ಜನರಲ್‌ಗಳೊಂದಿಗೆ ಭಾರತ ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ಈ ದೇಶದ ನಾಗರಿಕರಾದ ನಾವೂ ಉತ್ತರ ಕೊಡಬೇಕಾದವರು.

2008ರ ಮೇ 2ರ ರಾತ್ರಿ ನರ್ಗಿಸ್ ಚಂಡಮಾರುತ ಐರಾವತಿ ನದಿಯ ಮುಖಜಭೂಮಿಗೆ ಅಪ್ಪಳಿಸಿತು. ಚಂಡಮಾರುತ ಬರುತ್ತಿದೆ ಎಂದು ಭಾರತದ ಹವಾಮಾನ ಇಲಾಖೆ ಮೊದಲೇ ಎಚ್ಚರಿಕೆ ಕಳಿಸಿತ್ತು. ಆದರೂ ತಗ್ಗು ಪ್ರದೇಶದ ಭತ್ತದ ಬಯಲುಗಳ ಮೇಲೆ ಸಮುದ್ರ ನುಗ್ಗಿ ಬಂದಾಗ ಹಳ್ಳಿಗಳಿಗೆ ಹಳ್ಳಿಗಳೇ ಕೊಚ್ಚಿಹೋದವು. ಸತ್ತವರು ಮತ್ತು ನಾಪತ್ತೆಯಾದವರ ಸಂಖ್ಯೆ ಒಟ್ಟು ಸುಮಾರು 1,38,000. ಬದುಕು ಹಾಳಾದವರು ಸುಮಾರು 24 ಲಕ್ಷ. ಆಗ ದೇಶವನ್ನು ಆಳುತ್ತಿದ್ದವರು ಹಿರಿಯ ಜನರಲ್ ಥಾನ್ ಶ್ವೆ. ಸೇನೆ ತಾನೇ ಬರೆದುಕೊಂಡಿದ್ದ ಹೊಸ ಸಂವಿಧಾನಕ್ಕೆ ಮೇ 10ರಂದು ಜನಮತ ಪಡೆಯುವುದೆಂದು ಮೊದಲೇ ನಿಗದಿಯಾಗಿತ್ತು. ಹೆಣಗಳು ಇನ್ನೂ ನೀರಿನಲ್ಲಿ ತೇಲುತ್ತಿದ್ದ ಆ ದಿನವೇ ಮತದಾನ ನಡೆಯಿತು. ತೀರಾ ಹಾನಿಗೊಳಗಾದ ಪ್ರದೇಶಗಳಿಗೆ ಮಾತ್ರ ಮೇ 24ರವರೆಗೆ ವಿನಾಯಿತಿ ಸಿಕ್ಕಿತು.

ಆ ಎರಡು ಮೂರು ವಾರಗಳಲ್ಲಿ ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಸೇನಾ ಸರ್ಕಾರಕ್ಕೆ ನೆರವಿನಿಂದ ಏನು ಬೇಕಾಗಿರುತ್ತದೆ ಎಂಬುದು ಅಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ. ವಿಶ್ವ ಆಹಾರ ಕಾರ್ಯಕ್ರಮ ವಿಮಾನಗಳಲ್ಲಿ ಕಳಿಸಿದ ಪೌಷ್ಟಿಕ ಬಿಸ್ಕತ್ತು ಮತ್ತು ಸಲಕರಣೆಗಳನ್ನು ಯಾಂಗೂನ್ ವಿಮಾನ ನಿಲ್ದಾಣದಲ್ಲೇ ಸೇನೆ ವಶಪಡಿಸಿಕೊಂಡಿತು. ಸಾಮಗ್ರಿ ಬರಲಿ, ಅದನ್ನು ಹಂಚುವವರು ಬರುವುದು ಬೇಡ ಎಂಬುದು ಸೇನೆಯ ನಿಲುವು. ವಿದೇಶಿ ಪರಿಹಾರ ಕಾರ್ಯಕರ್ತರು ವೀಸಾಕ್ಕಾಗಿ ಬ್ಯಾಂಕಾಕ್‌ನಲ್ಲಿ ಕಾದು ಕುಳಿತರು. ಅಮೆರಿಕ ಮತ್ತು ಫ್ರಾನ್ಸ್‌ನ ನೌಕಾಪಡೆಯ ಹಡಗುಗಳು ಆಹಾರ, ಕುಡಿಯುವ ನೀರು, ಹೆಲಿಕಾಪ್ಟರ್‌ಗಳನ್ನು ಹೊತ್ತು ಕರಾವಳಿಯಾಚೆ ನಿಂತು, ಅನುಮತಿ ಸಿಗದೆ ಹಿಂದಿರುಗಿದವು. ಹೊರಗಿನವರು ಕೊಡುವ ಚಾಕೊಲೇಟ್ ಇಲ್ಲದಿದ್ದರೂ ಮುಖಜಭೂಮಿಯ ಜನ ತಮ್ಮ ಕಾಲ ಮೇಲೆ ತಾವು ನಿಂತು ಬದುಕಬಲ್ಲರು ಎಂದು ಸರ್ಕಾರಿ ಪತ್ರಿಕೆಯೊಂದು ಬರೆಯಿತು.

ಇದೇ ಹೊತ್ತಿನಲ್ಲಿ ಸರ್ಕಾರಿ ದೂರದರ್ಶನದಲ್ಲಿ ಜನರಲ್‌ಗಳು ಸಂತ್ರಸ್ತರಿಗೆ ಪೆಟ್ಟಿಗೆ ಹಂಚುವ ದೃಶ್ಯಗಳು ಮತ್ತೆ ಮತ್ತೆ ಬರುತ್ತಿದ್ದವು. ಅಂಥ ಒಂದು ಪೆಟ್ಟಿಗೆಯ ಮೇಲೆ ಲೆಫ್ಟಿನೆಂಟ್ ಜನರಲ್ ಮಿಂಟ್ ಸ್ವೆ ಅವರ ಹೆಸರು ದಪ್ಪ ಅಕ್ಷರಗಳಲ್ಲಿತ್ತು. ಅದರ ಬಳಿ ಚಿಕ್ಕ ಚೀಟಿಯಲ್ಲಿ ‘ಥಾಯ್ಲೆಂಡ್ ರಾಜ್ಯದ ನೆರವು’ ಎಂಬ ಅರ್ಥದ ಸಾಲಿತ್ತು. ಆ ಅಧಿಕಾರಿ ಮುಂದೆ ಏನಾದರು ಎಂಬುದನ್ನು ಗಮನಿಸಬೇಕು. ಸೇನೆಯ ಪರವಾಗಿ ಉಪಾಧ್ಯಕ್ಷರಾಗಿದ್ದ ಅದೇ ಮಿಂಟ್ ಸ್ವೆ 2021ರ ಫೆಬ್ರುವರಿ 1ರಂದು ಹಂಗಾಮಿ ಅಧ್ಯಕ್ಷರಾಗಿ ತುರ್ತುಪರಿಸ್ಥಿತಿ ಘೋಷಿಸಿ, ಸರ್ವಾಧಿಕಾರವನ್ನು ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲೈಂಗ್ ಅವರ ಕೈಗಿತ್ತರು. ಚುನಾಯಿತ ಸರ್ಕಾರದ ನಾಯಕಿ ಆಂಗ್ ಸಾನ್ ಸೂ ಕಿ ಮತ್ತು ಅಧ್ಯಕ್ಷ ವಿನ್ ಮಿಂಟ್ ಆ ಬೆಳಗಿನ ಜಾವವೇ ಬಂಧನದಲ್ಲಿದ್ದರು.

2008ರಲ್ಲಿ ಜನರಿಂದ ಜನರಿಗೆ ಹೋದ ನೆರವಿಗೆ ಏನಾಯಿತು? ಬರ್ಮಾದ (ಮ್ಯಾನ್ಮಾರ್ ದೇಶದ ಹಳೆಯ ಹೆಸರು) ಹೆಸರಾಂತ ಹಾಸ್ಯ ಕಲಾವಿದ ಜರ್ಗನಾರ್ ತಮ್ಮ ಸ್ನೇಹಿತರನ್ನು ಕಟ್ಟಿಕೊಂಡು ಅಕ್ಕಿ, ಬಟ್ಟೆ, ಔಷಧಿಗಳನ್ನು ಸಂಗ್ರಹಿಸಿ, ಸರ್ಕಾರ ತಲುಪದ ಹಳ್ಳಿಗಳಿಗೆ ಒಯ್ದರು. ಅಲ್ಲಿ ಕಂಡದ್ದನ್ನು ವಿದೇಶಿ ಮಾಧ್ಯಮಗಳಿಗೆ ಹೇಳಿದರು. ಜೂನ್ ತಿಂಗಳಲ್ಲಿ ಅವರನ್ನು ಬಂಧಿಸಲಾಯಿತು. ಮೊದಲು 45 ವರ್ಷ, ನಂತರ ಇನ್ನೂ 14 ವರ್ಷ ಸೇರಿಸಿ ಒಟ್ಟು 59 ವರ್ಷಗಳ ಸೆರೆವಾಸ ವಿಧಿಸಲಾಯಿತು. ಆಮೇಲೆ ಅದನ್ನು 35ಕ್ಕೆ ಇಳಿಸಲಾಯಿತು. ಅವರು ಹೊರಬಂದದ್ದು 2011ರ ಅಕ್ಟೋಬರ್‌ನಲ್ಲಿ. ಸಂತ್ರಸ್ತರಿಗೆ ಅಕ್ಕಿ ಕೊಟ್ಟವರನ್ನು ಒಂದು ಸರ್ಕಾರ ಇಷ್ಟು ಕಠಿಣವಾಗಿ ಶಿಕ್ಷಿಸುತ್ತದೆಂದರೆ, ಅಕ್ಕಿಯನ್ನು ಯಾರು ಕೊಡುತ್ತಾರೆ ಎಂಬುದು ಅದಕ್ಕೆ ಅಳಿವು ಉಳಿವಿನ ವಿಷಯವೇ ಆಗಿರಬೇಕು.

ನನ್ನ ಮುಖ್ಯ ಮಾತು ಇಲ್ಲಿದೆ. ಸೇನಾ ಸರ್ಕಾರಕ್ಕೆ ನೆರವು ಬೇಡ ಎನ್ನುವವರು ಸಾಮಾನ್ಯವಾಗಿ ಹಣದ ಲೆಕ್ಕ ಹೇಳುತ್ತಾರೆ: ಆಸ್ಪತ್ರೆಗೆಂದು ನಾವು ಹಣ ಕೊಟ್ಟರೆ, ಆಸ್ಪತ್ರೆಗೆ ಸರ್ಕಾರ ಇಟ್ಟಿದ್ದ ಹಣ ಉಳಿದು ಗುಂಡಿಗೆ ಹೋಗುತ್ತದೆ. ಈ ವಾದದಲ್ಲಿ ಹುರುಳಿಲ್ಲವೆಂದಲ್ಲ. ನರ್ಗಿಸ್ ಪರಿಹಾರದ ಸಮಯದಲ್ಲಿ ವಿಶ್ವಸಂಸ್ಥೆ ತಂದ ಡಾಲರ್‌ಗಳನ್ನು ಸರ್ಕಾರ ಹೇಳಿದ ವಿನಿಮಯ ಪತ್ರಗಳಾಗಿ ಬದಲಿಸಬೇಕಿತ್ತು. ಪೇಟೆಯ ದರಕ್ಕೂ ಆ ಪತ್ರಗಳ ದರಕ್ಕೂ ಇದ್ದ ಅಂತರದಿಂದ ಸುಮಾರು ಒಂದು ಕೋಟಿ ಡಾಲರ್ ನಷ್ಟವಾಯಿತೆಂದು ವಿಶ್ವಸಂಸ್ಥೆಯ ಪರಿಹಾರ ವಿಭಾಗದ ಮುಖ್ಯಸ್ಥ ಜಾನ್ ಹೋಮ್ಸ್ ಅವರೇ ಒಪ್ಪಿಕೊಂಡರು. ಆದರೂ ಮ್ಯಾನ್ಮಾರ್ ಸೇನೆ ಬದುಕಿರುವುದು ನೆರವಿನ ಹಣದ ಮೇಲಲ್ಲ. ಯದಾನಾ, ಶ್ವೆ ಮುಂತಾದ ಕಡಲ ಅನಿಲ ಕ್ಷೇತ್ರಗಳಿಂದ, ಜೇಡ್ ಎಂಬ ಹಸಿರು ಕಲ್ಲಿನ ಗಣಿಗಳಿಂದ, ಸೇನೆಯೇ ನಡೆಸುವ ದೊಡ್ಡ ಕಂಪನಿಗಳಿಂದ ಬರುವ ಹಣದ ಮುಂದೆ ಪರಿಹಾರ ನಿಧಿ ಬಲು ಚಿಕ್ಕದು. ಸೇನೆಗೆ ನೆರವಿನಿಂದ ಸಿಗುವ ದೊಡ್ಡ ಲಾಭ ಎರಡು. ಯಾವ ಊರಿಗೆ ಕೊಡಬೇಕು, ಯಾವ ಊರನ್ನು ಒಣಗಿಸಬೇಕು ಎಂದು ತೀರ್ಮಾನಿಸುವ ಅಧಿಕಾರ ಒಂದು. ತಾನೇ ದೇಶದ ನ್ಯಾಯಬದ್ಧ ಒಡೆಯ ಎಂದು ಹೊರಗಿನವರ ಸಹಿಯೊಂದಿಗೆ ತೋರಿಸಿಕೊಳ್ಳುವ ಅವಕಾಶ ಇನ್ನೊಂದು. ಹಣದ ಸೋರಿಕೆಯನ್ನು ಲೆಕ್ಕಪರಿಶೋಧನೆಯಿಂದ ಸ್ವಲ್ಪ ಮಟ್ಟಿಗೆ ತಡೆಯಬಹುದು, ಈ ಎರಡನ್ನು ಅದರಿಂದ ತಡೆಯಲಾಗದು.

ಹಾಗಾದರೆ ನೆರವನ್ನು ಪೂರ್ತಿ ನಿಲ್ಲಿಸಿಬಿಡೋಣವೇ? 1990ರ ಚುನಾವಣೆಯಲ್ಲಿ ಸೂ ಕಿ ಅವರ ಪಕ್ಷ ಗೆದ್ದರೂ ಸೇನೆ ಅಧಿಕಾರ ಬಿಟ್ಟುಕೊಡದಿದ್ದಾಗ ಪಾಶ್ಚಾತ್ಯ ದೇಶಗಳು ಬಹುಮಟ್ಟಿಗೆ ಅದನ್ನೇ ಮಾಡಿದವು. 2003ರಲ್ಲಿ ಅಮೆರಿಕ ಬರ್ಮಾದ ಸರಕುಗಳ ಆಮದನ್ನೇ ನಿಷೇಧಿಸಿತು. ಯಾಂಗೂನ್‌ನ ಸಿದ್ಧ ಉಡುಪು ಕಾರ್ಖಾನೆಗಳು ಮುಚ್ಚಿ ಸಾವಿರಾರು ಹೆಣ್ಣುಮಕ್ಕಳ ಕೆಲಸ ಹೋಯಿತು. ಜನರಲ್‌ಗಳ ಮನೆಯಲ್ಲಿ ಒಲೆ ಆರಲಿಲ್ಲ. ಕ್ಷಯ, ಮಲೇರಿಯಾ, ಏಡ್ಸ್‌ಗಳಿಂದ ಸಾಯುವ ರೋಗಿಗೆ ತನ್ನನ್ನು ಆಳುವವರು ಯಾರು ಎಂಬುದನ್ನು ಆರಿಸುವ ಅವಕಾಶವೇ ಇರಲಿಲ್ಲ. ಆ ಅವಕಾಶವನ್ನು ಕಸಿದುಕೊಂಡವರ ತಪ್ಪಿಗೆ ಆ ರೋಗಿಯ ಔಷಧಿ ನಿಲ್ಲಿಸುವುದನ್ನು ನಾನು ಯಾವ ನ್ಯಾಯದಿಂದಲೂ ಸಮರ್ಥಿಸಲಾರೆ. ಇತ್ತೀಚಿನ ಉದಾಹರಣೆಯಾಗಿ ನೈಜರನ್ನೂ ನೋಡಬಹುದು. 2023ರ ಜುಲೈನಲ್ಲಿ ಅಲ್ಲಿ ಸೇನೆ ಅಧಿಕಾರ ಹಿಡಿದಾಗ ನೆರೆಯ ದೇಶಗಳು ಗಡಿ ಮುಚ್ಚಿದವು, ನೈಜೀರಿಯ ವಿದ್ಯುತ್ ಕಡಿತ ಮಾಡಿತು. ಬೆನಿನ್ ಗಡಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತವು. ಸೇನೆ ಅಧಿಕಾರದಲ್ಲೇ ಉಳಿಯಿತು. ಮರುವರ್ಷ ಫೆಬ್ರುವರಿಯಲ್ಲಿ ನಿರ್ಬಂಧಗಳನ್ನೇ ಬಹುಪಾಲು ಹಿಂತೆಗೆದುಕೊಳ್ಳಬೇಕಾಯಿತು.

ಇನ್ನು ಮೂರನೆಯ ವಾದ, ಅಂದರೆ ಆಳುವವರೊಂದಿಗೆ ಸಂಬಂಧ ಇಟ್ಟುಕೊಂಡೇ ಕೆಲಸ ಸಾಧಿಸಬೇಕೆಂಬ ವಾದ, ನಮ್ಮ ದೇಶದ ಅಧಿಕೃತ ನೀತಿಯೇ ಆಗಿರುವುದರಿಂದ ಅದನ್ನು ಗೌರವದಿಂದ ಪರಿಶೀಲಿಸಬೇಕು. 1988ರ ವಿದ್ಯಾರ್ಥಿ ಚಳವಳಿಯ ಕಾಲದಲ್ಲಿ ಭಾರತ ಪ್ರಜಾಪ್ರಭುತ್ವವಾದಿಗಳ ಪರ ಬಹಿರಂಗವಾಗಿ ನಿಂತಿತ್ತು; ಸೂ ಕಿ ಅವರಿಗೆ ಜವಾಹರಲಾಲ್ ನೆಹರು ಪ್ರಶಸ್ತಿಯನ್ನೂ ಕೊಟ್ಟಿತು. 90ರ ದಶಕದ ನಡುವಿನಿಂದ ನಿಲುವು ಮೆಲ್ಲನೆ ಬದಲಾಯಿತು. ಈಶಾನ್ಯದ ಬಂಡುಕೋರರು ಗಡಿಯಾಚೆ ನೆಲೆ ಕಂಡುಕೊಂಡಿದ್ದರು, ಚೀನಾ ಆ ದೇಶದೊಳಗೆ ರಸ್ತೆ ಬಂದರುಗಳ ಮೂಲಕ ಬೇರೂರುತ್ತಿತ್ತು. ಈ ಎರಡು ಚಿಂತೆಗಳೂ ನಿಜವಾದವು. ಸಂಬಂಧ ಇಟ್ಟುಕೊಂಡದ್ದರ ಫಲವನ್ನೂ ಒಪ್ಪಿಕೊಳ್ಳಬೇಕು: ನರ್ಗಿಸ್ ಬಂದಾಗ ಅಮೆರಿಕದ ಹಡಗುಗಳಿಗೆ ಸಿಗದ ಅನುಮತಿ ನಮ್ಮ ನೌಕಾಪಡೆಯ ರಾಣಾ ಮತ್ತು ಕಿರ್ಪಾಣ್ ಹಡಗುಗಳಿಗೆ ಕೆಲವೇ ದಿನಗಳಲ್ಲಿ ಸಿಕ್ಕಿತು.

ಆದರೆ ಇದೇ ನೀತಿಯ ಅತಿ ದೊಡ್ಡ ಯೋಜನೆಗೆ ಏನಾಗಿದೆ ನೋಡಿ. ಕೋಲ್ಕತ್ತಾದಿಂದ ಸಮುದ್ರದ ಮೂಲಕ ರಖೈನ್ ಪ್ರಾಂತದ ಸಿಟ್ವೆ ಬಂದರು, ಅಲ್ಲಿಂದ ಕಲಾದಾನ್ ನದಿಯಲ್ಲಿ 158 ಕಿಲೋಮೀಟರ್ ದೂರದ ಪಲೆಟ್ವಾ, ಅಲ್ಲಿಂದ ರಸ್ತೆಯಲ್ಲಿ ಮಿಜೋರಾಂ ಗಡಿಯ ಜೋರಿನ್‌ಪುಯಿ. ಈ ಕಲಾದಾನ್ ಸಾರಿಗೆ ಯೋಜನೆಗೆ 2008ರಲ್ಲಿ ಒಪ್ಪಂದವಾಯಿತು. ಹಣ ಭಾರತದ್ದು, ಒಪ್ಪಂದ ಮ್ಯಾನ್ಮಾರ್ ರಾಜಧಾನಿ ನೇಪಿಡಾದ ಸರ್ಕಾರದೊಂದಿಗೆ. ಬಂದರು 2023ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು, ರಸ್ತೆ ಮುಗಿಯಲಿಲ್ಲ. 2024ರ ಜನವರಿಯಲ್ಲಿ ಪಲೆಟ್ವಾ ಪಟ್ಟಣವನ್ನು ಸೇನೆಯ ವಿರುದ್ಧ ಹೋರಾಡುವ ರಖೈನ್ ಜನಾಂಗದ ಸಶಸ್ತ್ರ ಪಡೆ ಅರಕಾನ್ ಆರ್ಮಿ ವಶಪಡಿಸಿಕೊಂಡಿತು. ಆಮೇಲೆ ರಖೈನ್‌ನ ಬಹುಭಾಗವೂ ಅದೇ ಪಡೆಯ ಕೈಸೇರಿತು. ಸಿಟ್ವೆ ಮಾತ್ರ ಸೇನೆಯ ಕೈಯಲ್ಲಿ ಉಳಿದ ಕೆಲವೇ ಪಟ್ಟಣಗಳಲ್ಲಿ ಒಂದಾಯಿತು. ಹಿಡಿತವೇ ಇಲ್ಲದ ಪ್ರದೇಶದ ಬಗ್ಗೆ ಸಹಿ ಹಾಕಿದವರನ್ನು ನಂಬಿ ನಾವು ಸಾರ್ವಜನಿಕ ಹಣ ತೊಡಗಿಸಿದ್ದೆವು. ಸೇನೆಯೊಂದಿಗೆ ವ್ಯವಹರಿಸುವುದೇ ವಾಸ್ತವವಾದ ಎನ್ನುವವರು ಈ ವಾಸ್ತವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಾನು ಒತ್ತಾಯಿಸುತ್ತೇನೆ.

ಕೊಡುವುದು ಅಥವಾ ಬಿಡುವುದು ಎಂಬ ಎರಡರ ನಡುವೆ ಸಿಕ್ಕಿಕೊಳ್ಳದೆ ಕೆಲಸ ಮಾಡಿದವರೂ ಇದ್ದಾರೆ. ಅವರ ಅನುಭವವೇ ನನಗೆ ದಾರಿ ತೋರಿಸಿರುವುದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಏಡ್ಸ್, ಕ್ಷಯ ಮತ್ತು ಮಲೇರಿಯಾ ವಿರುದ್ಧದ ಜಾಗತಿಕ ನಿಧಿ 2005ರ ಆಗಸ್ಟ್‌ನಲ್ಲಿ ಮ್ಯಾನ್ಮಾರ್‌ನಿಂದ ಹಿಂದೆ ಸರಿಯಿತು. ಕಾರ್ಯಕರ್ತರ ಓಡಾಟಕ್ಕೆ ಸೇನೆ ಹಾಕಿದ ನಿರ್ಬಂಧಗಳಿಂದಾಗಿ ಹಣ ಎಲ್ಲಿ ಹೋಗುತ್ತಿದೆ ಎಂದು ನೋಡುವುದೇ ಕಷ್ಟವಾಗಿತ್ತು. ರೋಗಿಗಳನ್ನು ಅಲ್ಲಿಗೇ ಕೈಬಿಡಬಹುದಿತ್ತು. ಆದರೆ ಬ್ರಿಟನ್, ಆಸ್ಟ್ರೇಲಿಯಾ, ನಾರ್ವೆ, ಸ್ವೀಡನ್, ನೆದರ್ಲೆಂಡ್ಸ್ ಮತ್ತು ಯುರೋಪಿಯನ್ ಕಮಿಷನ್ ಸೇರಿ ಮರುವರ್ಷವೇ ‘ಮೂರು ರೋಗಗಳ ನಿಧಿ’ ಸ್ಥಾಪಿಸಿದವು. ಹಣವನ್ನು ಸರ್ಕಾರದ ಖಜಾನೆಗೆ ಹಾಕದೆ ವಿಶ್ವಸಂಸ್ಥೆಯ ಒಂದು ಸಂಸ್ಥೆಯ ಕೈಯಲ್ಲಿಟ್ಟು, ಸ್ಥಳೀಯ ಮತ್ತು ಅಂತಾರಾಷ್ಟ್ರೀಯ ಸಂಘಟನೆಗಳ ಮೂಲಕ ಔಷಧಿ ತಲುಪಿಸಲಾಯಿತು. ಸೇನೆಯ ಆರೋಗ್ಯ ಇಲಾಖೆಯೊಂದಿಗೆ ಮಾತುಕತೆ ಇತ್ತು, ಅದರ ಕೈಗೆ ಚೆಕ್ ಹೋಗಲಿಲ್ಲ.

ಇನ್ನೊಂದು ದಾರಿ ಗಡಿಯಿಂದ ಒಳಕ್ಕೆ ಹೋಗುವುದು. 1988ರ ದಮನದ ನಂತರ ಕಾಡು ದಾಟಿ ಥಾಯ್ಲೆಂಡಿಗೆ ಬಂದ ಕರೆನ್ ಸಮುದಾಯದ ವೈದ್ಯೆ ಸಿಂಥಿಯಾ ಮಾಂಗ್ 1989ರಲ್ಲಿ ಗಡಿ ಪಟ್ಟಣ ಮೇ ಸೋಟ್‌ನಲ್ಲಿ ಮೇ ತಾವ್ ಚಿಕಿತ್ಸಾಲಯ ಆರಂಭಿಸಿದರು. 2002ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ಗಡಿಯಲ್ಲಿ ತರಬೇತಾದ ಆರೋಗ್ಯ ಕಾರ್ಯಕರ್ತರು ಬೆನ್ನ ಮೇಲೆ ಔಷಧಿ ಚೀಲ ಹೊತ್ತು, ಸೇನೆ ಕಾಲಿಡದ, ಕಾಲಿಟ್ಟರೆ ಸುಡಲೆಂದೇ ಕಾಲಿಡುವ ಹಳ್ಳಿಗಳಿಗೆ ನಡೆದು ಹೋಗಿ ಹೆರಿಗೆ ಮಾಡಿಸುತ್ತಾರೆ, ನೆಲಬಾಂಬಿಗೆ ಸಿಕ್ಕವರ ಗಾಯ ಕಟ್ಟುತ್ತಾರೆ. ಇದಕ್ಕೆ ರಾಜಧಾನಿಯ ಅನುಮತಿ ಪತ್ರವಿಲ್ಲ, ಎದುರಾಗುವ ಅಪಾಯ ಕಡಿಮೆಯದಲ್ಲ. ದಾನಿಗಳು ಇಂಥವರಿಗೆ ಕೊಡಲು ಹಿಂಜರಿಯುವುದೂ ಉಂಟು, ಏಕೆಂದರೆ ರಸೀದಿ, ಟೆಂಡರ್, ಬ್ಯಾಂಕ್ ಖಾತೆಗಳ ನಿಯಮಗಳು ಯುದ್ಧಭೂಮಿಯಲ್ಲಿ ನಡೆಯುವುದಿಲ್ಲ. ಬದಲಾಗಬೇಕಾದದ್ದು ಆ ನಿಯಮಗಳು ಎಂದು ನಾನು ಭಾವಿಸುತ್ತೇನೆ.

ನಮ್ಮ ದೇಶದಲ್ಲೇ ಇದರ ಒಂದು ರೂಪ ಮಿಜೋರಾಂನಲ್ಲಿ ನಡೆದಿದೆ. 2021ರ ಮಾರ್ಚ್‌ನಲ್ಲಿ ಮ್ಯಾನ್ಮಾರ್ ದೇಶದ ಚಿನ್ ಪ್ರಾಂತದ ಜನ ಗಡಿಯ ತಿಯಾವ್ ನದಿ ದಾಟಿ ಬರತೊಡಗಿದಾಗ ಅವರನ್ನು ತಡೆಯಬೇಕೆಂದು ಕೇಂದ್ರ ಗೃಹ ಇಲಾಖೆ ಗಡಿ ರಾಜ್ಯಗಳಿಗೆ ಪತ್ರ ಬರೆಯಿತು. ಅವರು ನಮ್ಮ ರಕ್ತಸಂಬಂಧಿಗಳು, ಅವರ ಕಷ್ಟಕ್ಕೆ ಕಣ್ಣುಮುಚ್ಚಿ ಕೂರಲಾರೆವು ಎಂದು ಅಂದಿನ ಮುಖ್ಯಮಂತ್ರಿ ಜೋರಾಮ್‌ಥಾಂಗಾ ಪ್ರಧಾನಿಗೆ ತಿಳಿಸಿದರು. ಮಿಜೋ ಯುವಜನ ಸಂಘ, ಚರ್ಚ್‌ಗಳು, ಹಳ್ಳಿಯ ಸಮಿತಿಗಳು ಅಕ್ಕಿ ಬೇಳೆ ಕೂಡಿಸಿ, ಬಿದಿರಿನ ಗುಡಿಸಲು ಕಟ್ಟಿಸಿ, 30 ಸಾವಿರಕ್ಕೂ ಹೆಚ್ಚು ಜನರನ್ನು ಸಾಕಿದವು. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ, ಆದ್ದರಿಂದ ಇವರಿಗೆ ಕಾನೂನಿನ ರಕ್ಷಣೆ ತೀರಾ ತೆಳು. 2025–26ರ ಕೇಂದ್ರ ಬಜೆಟ್ಟಿನಲ್ಲಿ ಮ್ಯಾನ್ಮಾರ್ ನೆರವಿಗೆಂದು 350 ಕೋಟಿ ರೂಪಾಯಿ ಇಡಲಾಯಿತು. ಅದರ ಒಂದು ಭಾಗವನ್ನಾದರೂ ಈ ಗಡಿಯಿಂದಲೇ, ಈ ಸಂಘಗಳ ಮೂಲಕವೇ ಚಿನ್ ಬೆಟ್ಟಗಳ ಆಸ್ಪತ್ರೆ ಶಾಲೆಗಳಿಗೆ ತಲುಪಿಸುವುದು ಅಸಾಧ್ಯವಾದ ಕೆಲಸವಲ್ಲ.

2025ರ ಮಾರ್ಚ್ 28ರ ಭೂಕಂಪ ಈ ಚರ್ಚೆಯನ್ನು ಮತ್ತೆ ನಮ್ಮೆದುರು ತಂದಿತು. 7.7 ತೀವ್ರತೆಯ ಕಂಪನಕ್ಕೆ ಮಾಂಡಲೆ ಮತ್ತು ಸಗೈಂಗ್ ನಗರಗಳು ಕುಸಿದವು. ಅದು ರಂಜಾನ್ ತಿಂಗಳ ಶುಕ್ರವಾರವಾಗಿದ್ದರಿಂದ ನಮಾಜಿಗೆ ಸೇರಿದ್ದವರ ಮೇಲೆ ಮಸೀದಿಗಳೇ ಬಿದ್ದವು. ಸತ್ತವರು 3,700ಕ್ಕೂ ಹೆಚ್ಚು. ‘ಆಪರೇಷನ್ ಬ್ರಹ್ಮಾ’ ಹೆಸರಿನಲ್ಲಿ ಭಾರತ ಮರುದಿನವೇ ವಿಮಾನದಲ್ಲಿ ಸಾಮಗ್ರಿ ಇಳಿಸಿತು. ಭೂಸೇನೆಯ 118 ಮಂದಿಯ ವೈದ್ಯಕೀಯ ತಂಡ ಮಾಂಡಲೆಯಲ್ಲಿ ಆಸ್ಪತ್ರೆ ತೆರೆದು ಶಸ್ತ್ರಚಿಕಿತ್ಸೆಗಳನ್ನು ನಡೆಸಿತು. ಇದು ನಾವೆಲ್ಲ ಹೆಮ್ಮೆಪಡಬೇಕಾದ ಕೆಲಸ. ಈ ಬಗೆಯ ನೆರವು, ಅಂದರೆ ನಮ್ಮ ವೈದ್ಯರು ತಮ್ಮ ಕೈಯಾರೆ ಗಾಯಾಳುವಿಗೆ ಕೊಡುವ ಚಿಕಿತ್ಸೆ, ಆಳುವವರು ಯಾರೇ ಆಗಿರಲಿ ನಿಲ್ಲಬಾರದು. ಆದರೆ ನದಿಯಾಚೆಯ ಸಗೈಂಗ್ ಪ್ರಾಂತದ ಹಳ್ಳಿಗಳು ಹೆಚ್ಚಾಗಿ ಸೇನೆಯನ್ನು ವಿರೋಧಿಸುವ ಪಡೆಗಳ ವಶದಲ್ಲಿದ್ದವು. ಅಲ್ಲಿಗೆ ನೆರವು ಹೋಗಲು ಸೇನೆಯ ತಪಾಸಣಾ ಠಾಣೆಗಳು ಬಿಡಬೇಕಿತ್ತು. ಚೀನಾದ ರೆಡ್‌ಕ್ರಾಸ್ ವಾಹನಗಳ ಸಾಲಿನ ಬಳಿಯೇ ಸೈನಿಕರು ಗುಂಡು ಹಾರಿಸಿದರು. ಅದು ಎಚ್ಚರಿಕೆಯ ಗುಂಡು ಎಂದು ಸೇನೆ ಸಮಜಾಯಿಷಿ ಕೊಟ್ಟಿತು. ಏಪ್ರಿಲ್ 2ರಂದು ಕದನ ವಿರಾಮ ಘೋಷಿಸಿದ ಮೇಲೂ ವಾಯುದಾಳಿಗಳು ನಡೆದವೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ದಾಖಲಿಸಿತು. ಭೂಕಂಪವಾಗಿ ಒಂದು ವಾರಕ್ಕೆ ಮಿನ್ ಆಂಗ್ ಹ್ಲೈಂಗ್ ಬ್ಯಾಂಕಾಕ್‌ನಲ್ಲಿ ಬಂಗಾಳ ಕೊಲ್ಲಿ ಸುತ್ತಲಿನ ದೇಶಗಳ ಒಕ್ಕೂಟವಾದ ಬಿಮ್‌ಸ್ಟೆಕ್ ಶೃಂಗಸಭೆಯಲ್ಲಿ ನೆರೆಯ ದೇಶಗಳ ನಾಯಕರ ಸಾಲಿನಲ್ಲಿ ಕುಳಿತಿದ್ದರು.

ಆಯುಧದ ಮಾತನ್ನು ನೆರವಿನ ಮಾತಿನಿಂದ ಬೇರ್ಪಡಿಸಿ ಹೇಳಬೇಕಿದೆ, ಏಕೆಂದರೆ ಇಲ್ಲಿ ನನಗೆ ಯಾವ ದ್ವಂದ್ವವೂ ಇಲ್ಲ. 2021ರ ಕ್ಷಿಪ್ರಕ್ರಾಂತಿಯ ನಂತರ ಮ್ಯಾನ್ಮಾರ್ ಸೇನೆಗೆ ಹೋದ ಆಯುಧ ಮತ್ತು ಸಂಬಂಧಿತ ಸರಕುಗಳ ಬಗ್ಗೆ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರೂಸ್ 2023ರ ಮೇ ತಿಂಗಳಲ್ಲಿ ಒಂದು ವರದಿ ಕೊಟ್ಟರು. ಒಟ್ಟು ಮೊತ್ತ ಸುಮಾರು 100 ಕೋಟಿ ಡಾಲರ್. ರಷ್ಯಾ, ಚೀನಾ, ಸಿಂಗಪುರಗಳದ್ದು ದೊಡ್ಡ ಪಾಲು. ಭಾರತದ ಪಾಲು 5.1 ಕೋಟಿ ಡಾಲರ್. ಆ ವರದಿಯಲ್ಲಿ ಹೆಸರು ಬಂದಿರುವ ಭಾರತೀಯ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕೂಡ ಇದೆ. ಜಾಲಹಳ್ಳಿಯ ಕಾರ್ಖಾನೆಯ ಜೊತೆ ಕನ್ನಡನಾಡಿನ ಎಷ್ಟೋ ಕುಟುಂಬಗಳ ಬದುಕು, ಅಭಿಮಾನ ಬೆಸೆದುಕೊಂಡಿವೆ ಎಂಬುದನ್ನು ಬಲ್ಲವನಾಗಿಯೇ ಈ ಮಾತು ಹೇಳುತ್ತಿದ್ದೇನೆ: ತನ್ನ ಹಳ್ಳಿಗಳ ಮೇಲೆ ತಾನೇ ಬಾಂಬು ಹಾಕುವ ಸೇನೆಗೆ ರಾಡಾರ್ ಆಗಲಿ ಬಿಡಿಭಾಗವಾಗಲಿ ನಮ್ಮ ಸಾರ್ವಜನಿಕ ವಲಯದಿಂದ ಹೋಗಕೂಡದು. ಒಂದು ಕೈಯಲ್ಲಿ ಆಸ್ಪತ್ರೆಯ ಡೇರೆ, ಇನ್ನೊಂದು ಕೈಯಲ್ಲಿ ಯುದ್ಧದ ಸಲಕರಣೆ ಕೊಡುವ ದೇಶದ ಮಾನವೀಯತೆಯನ್ನು ಚಿನ್ ಬೆಟ್ಟದ ತಾಯಿಯೊಬ್ಬಳು ನಂಬಬೇಕಾದ ಕಾರಣವಿಲ್ಲ.

ಇಂಥ ವಿಷಯಗಳನ್ನು ಕಾನೂನಿಗೆ ಬಿಟ್ಟರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಚುನಾಯಿತ ಸರ್ಕಾರವನ್ನು ಸೇನೆ ಉರುಳಿಸಿದರೆ ನೆರವು ನಿಲ್ಲಬೇಕೆಂಬ ಕಾನೂನು ಅಮೆರಿಕದಲ್ಲಿ ದಶಕಗಳಿಂದ ಇದೆ. 2013ರಲ್ಲಿ ಈಜಿಪ್ಟಿನ ಸೇನೆ ಅಧ್ಯಕ್ಷ ಮೊರ್ಸಿ ಅವರನ್ನು ಇಳಿಸಿದಾಗ, ವರ್ಷಕ್ಕೆ 130 ಕೋಟಿ ಡಾಲರ್ ಸೇನಾ ನೆರವು ಪಡೆಯುವ ಆ ದೇಶದಲ್ಲಿ ನಡೆದದ್ದು ಕ್ಷಿಪ್ರಕ್ರಾಂತಿ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಗೊಡವೆಗೇ ಅಮೆರಿಕ ಸರ್ಕಾರ ಹೋಗಲಿಲ್ಲ. ನೆರವಿನ ಕೆಲವು ಭಾಗ ಸ್ವಲ್ಪ ಕಾಲ ತಡೆಹಿಡಿಯಲ್ಪಟ್ಟು, ಮತ್ತೆ ಹರಿಯಿತು. ಕಾನೂನು ಇರಬೇಕು, ಆದರೆ ಅದನ್ನು ಜಾರಿಗೆ ತರುವಂತೆ ಕೇಳುವ ನಾಗರಿಕರಿಲ್ಲದಿದ್ದರೆ ಅದು ಕಡತದಲ್ಲೇ ಉಳಿಯುತ್ತದೆ.

ಕೊನೆಯದಾಗಿ, ಮುಂದೆ ಬರಲಿರುವ ಒಂದು ಸಂದರ್ಭದ ಬಗ್ಗೆ ಎಚ್ಚರಿಸಬೇಕಿದೆ. 2025ರ ಡಿಸೆಂಬರ್‌ನಿಂದ ಸೇನೆ ಹಂತಹಂತವಾಗಿ ಚುನಾವಣೆ ನಡೆಸಿತು. ಸೂ ಕಿ ಅವರ ಪಕ್ಷವನ್ನು ಮೊದಲೇ ವಿಸರ್ಜಿಸಲಾಗಿತ್ತು, ಯುದ್ಧ ನಡೆಯುತ್ತಿರುವ ಹಲವು ಪ್ರದೇಶಗಳಲ್ಲಿ ಮತದಾನವೇ ಇರಲಿಲ್ಲ. ಇನ್ನು ಇದು ಸೇನಾ ಸರ್ಕಾರವಲ್ಲ, ನೆರವಿನ ಬಾಗಿಲು ತೆರೆಯೋಣ ಎಂಬ ದನಿಗಳು ಏಳುತ್ತವೆ. 2011ರಲ್ಲಿ ಥೀನ್ ಸೀನ್ ಸಮವಸ್ತ್ರ ಕಳಚಿ ಅಧ್ಯಕ್ಷರಾದಾಗಲೂ ಹೀಗೇ ಆಯಿತು. ಅಂದಿನ ಬದಲಾವಣೆಯಲ್ಲಿ ನಿಜವೂ ಇತ್ತು: ರಾಜಕೀಯ ಕೈದಿಗಳು ಹೊರಬಂದರು, ಪತ್ರಿಕೆಗಳಿಗೆ ಉಸಿರು ಬಂತು. ಆದರೆ ಸಾಲ ಕೊಟ್ಟ ದೇಶಗಳು 2013ರ ಆರಂಭದಲ್ಲೇ ಸುಮಾರು 600 ಕೋಟಿ ಡಾಲರ್ ಸಾಲ ಮನ್ನಾ ಮಾಡಿದಾಗ, ಸಂಸತ್ತಿನ ಶೇ 25ರಷ್ಟು ಸ್ಥಾನಗಳನ್ನೂ ರಕ್ಷಣೆ, ಗೃಹ, ಗಡಿ ಖಾತೆಗಳನ್ನೂ ಸೇನೆಗೇ ಮೀಸಲಿಟ್ಟ 2008ರ ಸಂವಿಧಾನ ಒಂದಿಷ್ಟೂ ಅಲುಗಾಡಿರಲಿಲ್ಲ. ಅದೇ ಸಂವಿಧಾನದ ನೆರಳಿನಲ್ಲಿ 2017ರಲ್ಲಿ ರಖೈನ್ ಪ್ರಾಂತದ ಮುಸ್ಲಿಂ ಅಲ್ಪಸಂಖ್ಯಾತರಾದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳನ್ನು ದೇಶದಿಂದ ಹೊರಗಟ್ಟಲಾಯಿತು.

ಆದ್ದರಿಂದ ನೇಪಿಡಾದ ಖಜಾನೆಗೆ ಮತ್ತೆ ನೇರವಾಗಿ ಹಣ ಕೊಡುವ ಮಾತು ಬಂದಾಗ, ಪದಗ್ರಹಣದ ಚಿತ್ರಗಳನ್ನು ನೋಡಿ ನಿರ್ಧರಿಸದೆ, ಕೆಲವು ಸಂಗತಿಗಳನ್ನು ಕೇಳಿ ತಿಳಿದುಕೊಳ್ಳಬೇಕು. ಪರಿಹಾರ ಕಾರ್ಯಕರ್ತರು ಸಿಟ್ವೆಯ ಹೊರವಲಯದಲ್ಲಿರುವ ರೋಹಿಂಗ್ಯಾ ಶಿಬಿರಗಳಿಗೆ ಪ್ರಯಾಣದ ಪರವಾನಗಿ ಬೇಡದೆ ಹೋಗಬಲ್ಲರೇ? 2023ರ ಮೋಕಾ ಚಂಡಮಾರುತದ ನಂತರ ರಖೈನ್‌ನಲ್ಲಿ ಅಂಥ ಪರವಾನಗಿಗಳನ್ನೇ ತಡೆಹಿಡಿಯಲಾಗಿತ್ತು. ನೋಂದಣಿ ಇಲ್ಲದ ಸ್ವಯಂಸೇವಾ ಸಂಘಟನೆಯವರಿಗೆ ಐದು ವರ್ಷದವರೆಗೆ ಸೆರೆವಾಸ ವಿಧಿಸುವ 2022ರ ಕಾನೂನು ರದ್ದಾಗಿದೆಯೇ? ಕ್ಷಿಪ್ರಕ್ರಾಂತಿಯನ್ನು ವಿರೋಧಿಸಿ ಸರ್ಕಾರಿ ಆಸ್ಪತ್ರೆ ಬಿಟ್ಟು ಹೊರಬಂದ ವೈದ್ಯರು ಮತ್ತು ದಾದಿಯರು ಬಂಧನದ ಭಯವಿಲ್ಲದೆ ಮತ್ತೆ ಕೆಲಸ ಮಾಡುತ್ತಿದ್ದಾರೆಯೇ? ಸಗೈಂಗ್‌ನ ಶಾಲೆಗಳ ಮೇಲೆ ವಿಮಾನಗಳು ಬಾಂಬು ಹಾಕುವುದು ನಿಂತಿದೆಯೇ? ಇವಕ್ಕೆ ಉತ್ತರ ‘ಇಲ್ಲ’ ಎಂದಿರುವವರೆಗೂ ನೆರವು ಮೇ ಸೋಟ್‌ನ ಕಾಡುದಾರಿಯಲ್ಲಿ, ಮಿಜೋರಾಂನ ಜೊಖಾವ್‌ಥಾರ್ ಸೇತುವೆಯ ಮೇಲೆ, ಊರಿನವರೇ ಕಟ್ಟಿಕೊಂಡ ಸಂಘಗಳ ಮೂಲಕ ಹೋಗಲಿ, ಈಗ ಹೋಗುತ್ತಿರುವುದಕ್ಕಿಂತ ಹೆಚ್ಚಾಗಿ ಹೋಗಲಿ ಎಂಬುದು ನನ್ನ ನಿಲುವು.